ಏರಿನಲ್ಲಿ ನಿಂತ ಗಾಡಿ

ಕ್ಷೌರದಂಗಡಿಯ ಬಾಗಿಲಿಗೆ ಎದುರಾಗಿಯೇ ರೈಲುಹಳಿ. ನಡುವೆ ಒಂದು ಕಿರುಬೀದಿ, ಒಂದು ತಂತಿಬೇಲಿ, ಅಷ್ಟೇ. ಕೆಳಗಿನ ತಿರುವಿನಿಂದಲೇ ಹಳಿ ಬೆಟ್ಟದ ಮೈಯನ್ನು ತಬ್ಬಿಕೊಂಡು ಮೇಲೇರುತ್ತದೆ. ಪ್ರಯಾಣಿಕರ ಗಾಡಿಗಳು ಏದುಸಿರು ಬಿಡುತ್ತಲಾದರೂ ಆ ಏರನ್ನು ಹತ್ತಿಬಿಡುತ್ತವೆ. ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿಯ ಮಾತೇ ಬೇರೆ. ಮುಂದೆ ಎರಡು ಎಂಜಿನ್ ಎಳೆಯಬೇಕು, ಹಿಂದೆ ಒಂದು ತಳ್ಳಬೇಕು. ಆದರೂ ಅದು ತುಂಬು ಬಸುರಿಯಂತೆ ಒಂದೊಂದೇ ಹೆಜ್ಜೆ ಊರಿಕೊಂಡು ಹೋಗುತ್ತದೆ.

ಅಂಗಡಿಯ ದೊಡ್ಡ ಕನ್ನಡಿಯಲ್ಲಿ ಅದೆಲ್ಲ ಕಾಣುತ್ತದೆ. ಗಿರಾಕಿಗಳು ತಮ್ಮ ಮುಖಕ್ಕಿಂತ ಹೆಚ್ಚಾಗಿ ಗಾಡಿಯನ್ನೇ ನೋಡುತ್ತಾರೆ. ಗಾಡಿ ಹಾಯುವಾಗ ನೆಲ ಅದುರುವುದರಿಂದ ಕ್ಷೌರಿಕ ಕತ್ತಿಯನ್ನು ಎತ್ತಿ ಹಿಡಿದು ಕಾಯುತ್ತಾನೆ. "ನನ್ನ ಕೈ ನಡುಗಲ್ಲ ಸ್ವಾಮಿ, ನಿಮ್ಮ ಗಲ್ಲ ನಡುಗುತ್ತೆ" ಎನ್ನುವುದು ಅವನ ಸಮಜಾಯಿಷಿ.

ಅವನ ಹೆಂಡತಿ ಗೂಡ್ಸ್ ಗಾಡಿಯ ಡ್ರೈವರ್. ವರ್ಷಗಟ್ಟಲೆ ಸಹಾಯಕಿಯಾಗಿ ಪಕ್ಕದ ಸೀಟಿನಲ್ಲಿ ಕೂತವಳಿಗೆ ಆಗಷ್ಟೇ ಬಡ್ತಿ ಸಿಕ್ಕಿತ್ತು. ಆ ದಿನ ಮೊದಲ ಬಾರಿಗೆ ಅವಳೇ ಗಾಡಿ ಹಿಡಿದು ಈ ಏರಿಗೆ ಬರುವವಳಿದ್ದಳು. ಕ್ಷೌರಿಕನ ತಾಯಿ ಬೆಳಗಿನಿಂದಲೇ ಅಂಗಡಿಯ ಮೆಟ್ಟಿಲ ಮೇಲೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಮಾರುಕಟ್ಟೆಯಲ್ಲಿ ತರಕಾರಿ ಕೂಗಿ ಮಾರಿದ ಗಂಟಲು ಆಕೆಯದು. ಪಿಸುಮಾತು ಆಡಿದರೂ ಮೂರು ಮನೆಗೆ ಕೇಳಿಸುತ್ತಿತ್ತು.

"ಒಳಗೆ ಬಾರಮ್ಮ, ತುಂತುರು ಬೀಳ್ತಿದೆ" ಎಂದ ಮಗ.

"ಬೀಳ್ಲಿ ಬಿಡೋ. ನಾನೇನು ಬೆಲ್ಲದುಂಡೆನಾ, ಕರಗೋಕೆ?"

ಕುರ್ಚಿಯಲ್ಲಿ ಪಕ್ಕದ ಓಣಿಯ ಗಾರೆ ಮೇಸ್ತ್ರಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ. ಬೆಂಚಿನ ಮೇಲೆ ಬ್ರೇಕ್ ಮಾಮ. ಆತ ನಿವೃತ್ತ ಡ್ರೈವರ್. ಯಾರ ಮಾತಿಗಾದರೂ ನಡುವೆ ಬ್ರೇಕ್ ಹಾಕುವ ಅಭ್ಯಾಸದಿಂದ ಆ ಹೆಸರು ಬಂದಿತ್ತು.

"ನಿನ್ನ ಹೆಂಡತಿ ಹುಷಾರೇ ಕಣಪ್ಪ, ಇಲ್ಲ ಅನ್ನಲ್ಲ. ಆದ್ರೆ ಈ ಏರಿಗೆ ಇರೋದು ಒಂದೇ ಮಂತ್ರ. ನಿಲ್ಲಬಾರದು. ನಿಂತ್ಯೋ, ಕೆಟ್ಟೆ" ಎಂದ ಆತ.

ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಕನ್ನಡಿಯಲ್ಲಿ ಎಂಜಿನ್ನಿನ ಮೂತಿ ಮೂಡಿತು. ಕಿಟಕಿಯಲ್ಲಿ ಅವಳ ಮುಖ ಕಂಡದ್ದೇ ತಡ, ಅತ್ತೆ ಎದ್ದು ನಿಂತು ಸೆರಗು ಬೀಸಿದಳು. ಆದರೆ ಗಾಡಿ ಅಂಗಡಿಯ ಎದುರಿಗೆ ಬರುವ ಹೊತ್ತಿಗೆ ಮೇಲಿನ ಸಿಗ್ನಲ್ ಕೆಂಪಾಯಿತು. ಏರಿನ ತುದಿಯ ಗೇಟಿನಲ್ಲಿ ಲಾರಿಯೊಂದು ಕೆಟ್ಟು ಹಳಿಯ ಮೇಲೇ ಕೂತಿತ್ತು. ಅವಳು ಬ್ರೇಕ್ ಹಾಕಿದಳು. ಇಡೀ ಗಾಡಿ ನರಳಿ, ಏರಿನ ನಡುಮಧ್ಯೆ ನಿಂತುಬಿಟ್ಟಿತು.

"ಹೋಯ್ತು" ಎಂದ ಬ್ರೇಕ್ ಮಾಮ.

ಲಾರಿಯನ್ನು ಪಕ್ಕಕ್ಕೆ ತಳ್ಳಿದ ಮೇಲೆ ಸಿಗ್ನಲ್ ಹಸಿರಾಯಿತು. ಅವಳು ಎಂಜಿನ್ನಿನ ಶಕ್ತಿ ಏರಿಸಿದಳು. ಚಕ್ರಗಳು ಕಿರ್ರೆಂದು ಇದ್ದಲ್ಲೇ ಗಿರಗಿರ ಸುತ್ತಿದವು, ಗಾಡಿ ಮಿಸುಕಲಿಲ್ಲ. ಚಕ್ರದ ಉಜ್ಜಾಟಕ್ಕೆ ಹಳಿ ಸವೆಯುವ ಮೊದಲೇ ಅವಳು ಶಕ್ತಿ ತಗ್ಗಿಸಿ, ಬ್ರೇಕ್ ಬಿಗಿಹಿಡಿದಳು. ಅವಳ ಸಹಾಯಕ ಕೆಳಗಿಳಿದು ನೋಡಿ ಬಂದ. ಉದುರಿದ ಎಲೆಗಳು ಮಳೆಗೆ ನೆನೆದು, ಚಕ್ರಕ್ಕೆ ಸಿಕ್ಕಿ ನುಗ್ಗಾಗಿ ಹಳಿಯ ಮೇಲೆ ಲೋಳೆಯಾಗಿದ್ದವು. ಚಕ್ರ ಜಾರದಂತೆ ಎಂಜಿನ್ನೇ ಹಳಿಗೆ ಮರಳು ಉದುರಿಸಬೇಕು, ಆದರೆ ಒಳಗಿನ ಮರಳು ತೇವವಾಗಿ ಕೊಳವೆ ಕಟ್ಟಿಕೊಂಡಿತ್ತು.

"ಇನ್ನು ಗಾಡೀನ ಎರಡು ತುಂಡು ಮಾಡಿ, ಅರ್ಧರ್ಧ ಒಯ್ಯಬೇಕು. ಕತ್ತಲಾಗೋವರೆಗೂ ದಾರಿ ಬಂದ್" ಎಂದು ಬ್ರೇಕ್ ಮಾಮ ತೀರ್ಪು ಕೊಟ್ಟ.

ಅವಳು ಕಿಟಕಿಯಿಂದ ತಲೆ ಹೊರಹಾಕಿದಳು.

"ಅತ್ತೇ! ಒಣ ಮರಳು ಬೇಕು. ಸಣ್ಣ ಮರಳು. ಒದ್ದೆ ಇರಬಾರದು!"

ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. "ಮೇಸ್ತ್ರೀ, ಏಳು ಮೇಲೆ! ಗೋಡೆ ಗಿಲಾವಿಗೆ ಅಂತ ಜರಡಿ ಹಿಡಿದ ಮರಳು ಎಲ್ಲಿಟ್ಟಿದ್ದೀಯ?"

"ತಗಡಿನ ಕೆಳಗಿದೆ ಅಕ್ಕ. ಆದ್ರೆ ಇನ್ನೂ ಅರ್ಧ ಗಡ್ಡ..."

"ಅದೆಲ್ಲೂ ಓಡಿಹೋಗಲ್ಲ. ನೀನು ಓಡು!"

ಮೇಸ್ತ್ರಿ ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ನೊರೆಯೊಂದಿಗೆ ಓಣಿಗೆ ಓಡಿದ. ಅತ್ತೆಯ ಕೂಗಿಗೆ ಬೀದಿಯೇ ಹೊರಬಂತು. ಇಸ್ತ್ರಿಯಾಕೆ ಬಂದಳು, ದರ್ಜಿ ಬಂದ, ಮಹಡಿ ಮನೆಯ ಅಣ್ಣತಮ್ಮಂದಿರು ಸ್ನಾನದ ಬಕೆಟ್ಟುಗಳನ್ನೇ ಹಿಡಿದು ಬಂದರು. ಮಳೆಗೆ ತೋಯದಂತೆ ಮುಚ್ಚಿಕೊಂಡು ಬಕೆಟ್ಟುಗಳು ಕೈಯಿಂದ ಕೈಗೆ ದಾಟಿದವು. "ಯಾರೂ ಬೇಲಿ ದಾಟಬೇಡಿ, ನನ್ನ ಕೈಗೆ ಕೊಡಿ" ಎಂದು ಸಹಾಯಕ ಬೇಲಿಯ ಆಚೆಯಿಂದ ಇಸಿದುಕೊಂಡ. ಗೋಣಿಚೀಲದಿಂದ ಲೋಳೆಯನ್ನು ತಿಕ್ಕಿ ತೆಗೆದು ಮರಳು ಸುರಿಯತೊಡಗಿದ.

ಬ್ರೇಕ್ ಮಾಮನಿಗೆ ಇನ್ನು ಬೆಂಚಿನ ಮೇಲೆ ಕೂರಲಾಗಲಿಲ್ಲ. ಬೇಲಿಯ ಬಳಿ ಬಂದು ಕೂಗಿದ: "ರಾಶಿ ಸುರೀಬೇಡಪ್ಪೋ! ತೆಳ್ಳಗೆ, ಕೂಸಿಗೆ ಪೌಡರ್ ಹಚ್ಚಿದ ಹಾಗೆ! ಇನ್ನೂ ಮುಂದಕ್ಕೆ, ಇನ್ನೂ ಮುಂದಕ್ಕೆ!"

ಕ್ಷೌರಿಕನೂ ಬಕೆಟ್ ಸಾಗಿಸಿ ಬೇಲಿಗೆ ಆತು ನಿಂತಿದ್ದ. ಹೆಂಡತಿ ಮೇಲಿನಿಂದ ಅವನನ್ನು ನೋಡಿದಳು.

"ಏನ್ರೀ, ಆ ಕೈಲಿರೋ ಕತ್ತಿ ಮಡಚಿ. ಯಾರಿಗಾದ್ರೂ ತಾಗೀತು."

ಅವನು ನೋಡಿಕೊಂಡ. ನಿಜಕ್ಕೂ ಕತ್ತಿ ತೆರೆದೇ ಇತ್ತು. ಸುತ್ತಲಿನವರು ನಕ್ಕರು, ಅವನೂ ನಕ್ಕ. ಈ ಹೊತ್ತಿನಲ್ಲೂ ಇಷ್ಟು ಕಾಣುತ್ತಿದೆಯಲ್ಲ ಇವಳಿಗೆ, ಗಾಡಿ ಎದ್ದೇ ಏಳುತ್ತದೆ ಅನ್ನಿಸಿತು ಅವನಿಗೆ.

ಅವಳು ತಲೆ ಒಳಗೆಳೆದುಕೊಂಡಳು. ವಾಕಿಟಾಕಿ ಎತ್ತಿ, ಹಿಂದಿನ ಎಂಜಿನ್ನಿನವನಿಗೆ ಹೇಳಿದಳು: "ಅಣ್ಣಾ, ಮೊದಲು ನೀವು ತಳ್ಳಿ ಹಿಡ್ಕೊಳ್ಳಿ. ಭಾರ ನಿಮ್ಮ ಹೆಗಲಿಗೆ ಬಂತು ಅನ್ನಿಸಿದಾಗ ಹೇಳಿ. ಆಮೇಲೆ ನಾನು ಎಳೀತೀನಿ."

"ಆಯ್ತಮ್ಮ... ಬಂತು, ಬಂತು. ಎಳಿ!"

ಅವಳು ಒಂದು ಕೈಯಲ್ಲಿ ಶಕ್ತಿಯನ್ನು ಕೂದಲೆಳೆಯಷ್ಟು ಏರಿಸುತ್ತ, ಇನ್ನೊಂದು ಕೈಯಲ್ಲಿ ಬ್ರೇಕನ್ನು ಅಷ್ಟೇ ನಿಧಾನವಾಗಿ ಸಡಿಲಿಸಿದಳು. ಎಂಜಿನ್ ಗುಡುಗಿತು. ಚಕ್ರದಡಿ ಮರಳು ಕರಕರ ನುರಿಯಿತು. ಚಕ್ರ ಒಮ್ಮೆ ಜಾರಿತು. ಅವಳು ಒಂದಿಷ್ಟು ತಗ್ಗಿಸಿ, ಹಿಡಿತ ಸಿಕ್ಕಿದೊಡನೆ ಮತ್ತೆ ಏರಿಸಿದಳು. ಎಂಜಿನ್ ಅಂಗೈ ಅಗಲ ಮುಂದೆ ಸರಿಯಿತು. ಮತ್ತೆ ಒಂದು ಮೊಳ. ವ್ಯಾಗನ್ನುಗಳ ಕೊಂಡಿಗಳು ಒಂದರ ಹಿಂದೊಂದು ಟಣ್ ಟಣ್ ಎಂದು ಬಿಗಿದುಕೊಂಡವು, ಆ ಸದ್ದು ಕೆಳಗಿನ ತಿರುವಿನವರೆಗೂ ಇಳಿದುಹೋಯಿತು.

"ಎದ್ದಿತು!" ಎಂದು ಅತ್ತೆ ಕೂಗಿದ ಕೂಗು ಎಂಜಿನ್ನಿನ ಸದ್ದನ್ನೂ ಮೀರಿತು.

ಗಾಡಿ ನಡಿಗೆಯ ವೇಗಕ್ಕೆ ಬಂತು. ಸಹಾಯಕ ಓಡಿ ಏಣಿ ಹಿಡಿದು ಹತ್ತಿಕೊಂಡ. ಕಲ್ಲಿದ್ದಲಿನ ಕಪ್ಪು ರಾಶಿಗಳು ಒಂದೊಂದಾಗಿ ಕನ್ನಡಿಯಲ್ಲಿ ಹಾದುಹೋದವು. ಕೊನೆಗೆ ಬಂದ ಹಿಂದಿನ ಎಂಜಿನ್ನಿನವನು ಕಿಟಕಿಯಿಂದ ಕೈ ಎತ್ತಿ, ಉದ್ದಕ್ಕೆ ಹಾರ್ನ್ ಹೊಡೆದ.

ಬ್ರೇಕ್ ಮಾಮ ಮತ್ತೆ ಬೆಂಚಿಗೆ ಬಂದು ಕೂತ. ಆಮೇಲೆ ಹೇಳಿದ: "ಈ ಏರಲ್ಲಿ ಒಂದ್ಸಲವೂ ನಿಲ್ಲಿಸಲಿಲ್ಲ ಅಂತ ಎಷ್ಟು ಜಂಬ ಕೊಚ್ಚಿದ್ದೀನಿ ನಾನು. ನಿಂತು ಎಬ್ಬಿಸೋದು ದೊಡ್ಡದಪ್ಪ."

ಮರುದಿನ ಸಂಜೆ ಅವಳು ಮನೆಗೆ ಬಂದಳು. ಅತ್ತೆ ಕಾಯಿಸಿಟ್ಟ ಬಿಸಿನೀರಿನಲ್ಲಿ ಮುಖದ ಮಸಿ ತೊಳೆದು, ತಟ್ಟೆಯ ಮುಂದೆ ಕೂತು, ಎರಡು ಸಲ ಬಡಿಸಿಕೊಂಡು ಉಂಡಳು. ಗಂಡ ಅವಳ ಹೆಗಲು ಒತ್ತುತ್ತಿದ್ದ.

"ಹತ್ತಿಸಿದ್ದಾಯ್ತಲ್ಲ, ಇನ್ನೇನು ಭಯ ನಿನಗೆ" ಎಂದಳು ಅತ್ತೆ.

"ಹತ್ತಿಸೋದು ಪರವಾಗಿಲ್ಲ ಅತ್ತೆ. ಇಳಿಸೋದೇ ಕಷ್ಟ. ಅಷ್ಟು ಭಾರ ಬೆನ್ನ ಮೇಲೆ ಬೀಳೋ ಹಾಗೆ ನುಗ್ಗಿಬರುತ್ತೆ."

"ಇಳಿಸೋದು ಯಾವಾಗ?"

"ನಾಳಿದ್ದು" ಎಂದು ಅವಳು ಬೆರಳು ನೆಕ್ಕಿದಳು. "ಇನ್ನೊಂದು ಸೌಟು ಹಾಕಿ."