ಅನುಭವವೇ ಸಂಬಳ

ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದಾಗ ನನಗೆ ಸಿಕ್ಕ ಮೊದಲ ಕೆಲಸ ಸೂಜಿಗೆ ದಾರ ಪೋಣಿಸುವುದು. ಬಟ್ಟೆ ಹೊಲಿದು ನನ್ನನ್ನು ಓದಿಸಿದ ಅಕ್ಕನ ಕಣ್ಣು ಮಂಜಾಗಿತ್ತು. ಕನ್ನಡಕದ ಮಾತೆತ್ತಿದರೆ "ನೀನು ಕೆಲಸಕ್ಕೆ ಸೇರು, ಆಮೇಲೆ ನೋಡೋಣ" ಅನ್ನುತ್ತಿದ್ದಳು. ಬೇಡಿಕೆ, ಪೂರೈಕೆ, ಹಣದುಬ್ಬರ ಎಲ್ಲ ನನಗೆ ಬಾಯಿಪಾಠ. ಬ್ಯಾಂಕು, ಸರಕಾರ ಎಲ್ಲವೂ ನನಗಾಗಿಯೇ ಕಾಯುತ್ತಿವೆ ಎಂದು ನಂಬಿದ್ದೆ. ಯಾರೂ ಕಾಯುತ್ತಿರಲಿಲ್ಲ.

ಕೊನೆಗೊಂದು ಸಂಶೋಧನಾ ಸಂಸ್ಥೆ ಕರೆಯಿತು. ಅಲ್ಲಿಯ ನಿರ್ದೇಶಕರು ಅರ್ಥಶಾಸ್ತ್ರದಲ್ಲಿ ದೊಡ್ಡ ಹೆಸರು.

"ಒಳ್ಳೆ ಅಂಕ ತೆಗ್ದಿದೀರಿ. ನಾಳೆಯಿಂದ್ಲೇ ಬನ್ನಿ."

"ಸಂಬಳ, ಸರ್?"

"ತರಬೇತಿ ಅಲ್ವೇನ್ರೀ? ಅನುಭವವೇ ಸಂಬಳ ಅಂದ್ಕೊಳ್ಳಿ. ಆಮೇಲೆ ಕಾಯಂ ಮಾಡೋಣ."

ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ಚೌಕಾಸಿ ಮಾಡದೆ ಸೊಪ್ಪನ್ನೂ ಕೊಳ್ಳದ ಅಕ್ಕನ ತಮ್ಮ ನಾನು!

"ನಮ್ಮ ಹುಡುಗ ಆಫೀಸರ್ ಆದ" ಎಂದು ಅಕ್ಕ ಬೀದಿಗೆಲ್ಲ ಸಾರಿದಳು. ಆಫೀಸರನ ಬಸ್ಸಿನ ದುಡ್ಡನ್ನೂ ಅವಳೇ ಕೊಡುತ್ತಿದ್ದಳು.

ನನ್ನಂಥವರು ಇನ್ನೂ ನಾಲ್ವರಿದ್ದರು. ಕಿಟಕಿಯಿಲ್ಲದ ಕೋಣೆ, ಇದ್ದ ಒಂದು ಫ್ಯಾನೂ ಹಳೆಯ ವರದಿಗಳ ಕಪಾಟಿನ ಕಡೆ ತಿರುಗಿತ್ತು. ನಮಗೆ ಕೊಟ್ಟ ವಿಷಯ, ಓದಿದ ಯುವಜನರನ್ನು ಪುಕ್ಕಟೆ ದುಡಿಸಿಕೊಳ್ಳುವ ಪಿಡುಗು. ಕಚೇರಿ, ಆಸ್ಪತ್ರೆ, ಅಂಗಡಿ ಸುತ್ತಿ ಅಂಥವರನ್ನೆಲ್ಲ ಮಾತಾಡಿಸಿದೆವು. ಪಾಪ, ಎಂಥ ಮೋಸ ಹೋಗಿದ್ದಾರೆ ಎಂದು ಮರುಗುತ್ತ ಬರೆದೆ. ಔಷಧಿ ಅಂಗಡಿಯ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು: "ನಿಮ್ಗೆಷ್ಟು ಕೊಡ್ತಾರೆ ಸರ್?"

"ಪ್ರಶ್ನೆ ಕೇಳೋದು ನಾವಮ್ಮ" ಎಂದೆ, ಗತ್ತಿನಿಂದ.

ವರ್ಷ ಕಳೆಯಿತು. ವರದಿ ಬಿಡುಗಡೆಯ ದಿನ ಅದರ ಮೇಲೆ ನಿರ್ದೇಶಕರ ಹೆಸರೊಂದೇ ಇತ್ತು. ನಮ್ಮ ಕೈಗೆ ಚಹಾದ ಟ್ರೇ ಕೊಟ್ಟರು. ವೇದಿಕೆಯಲ್ಲಿ ಅವರು ನಾನು ಬರೆದ ಸಾಲನ್ನೇ ಓದಿದರು: "ಅನುಭವದ ಆಮಿಷ ತೋರಿಸಿ ದುಡಿಸಿಕೊಳ್ಳುವುದು ಹಗಲುದರೋಡೆ." ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಲು ಹೋದೆ. ಟ್ರೇ ವಾಲಿ ಬಿಸಿ ಚಹಾ ಕೈಮೇಲೆ ಚೆಲ್ಲಿತು. ಅರ್ಥಶಾಸ್ತ್ರ ನನ್ನ ತಲೆಗೆ ಹತ್ತಬೇಕಾದರೆ ಕೈ ಸುಡಬೇಕಾಯಿತು.

"ಸರ್, ನಮ್ಗೆ ಸಂಬಳ ಯಾವಾಗ?" ನನ್ನ ದನಿ ಕೀರಲಾಗಿ ಹೊರಟಿತು.

ಸಭೆಯೆಲ್ಲ ಹಿಂತಿರುಗಿ ನೋಡಿತು. ನಿರ್ದೇಶಕರು ನಕ್ಕರು. "ಆಮೇಲೆ ಮಾತಾಡೋಣ."

"ವರ್ಷದಿಂದ ಬರೀ ಆಮೇಲೇನೇ ಸರ್. ಈಗ್ಲೇ ಹೇಳಿ" ಎಂದು ನನ್ನ ಪಕ್ಕದ ಸಹೋದ್ಯೋಗಿ ಟ್ರೇಯನ್ನು ನೆಲಕ್ಕಿಟ್ಟಳು. ಉಳಿದ ಮೂವರೂ ಇಟ್ಟರು. ಕಾವಲುಗಾರರು ಬಂದು ನಮ್ಮನ್ನು ಹೊರಗೆ ಹಾಕಿದರು.

ಮನೆಯಲ್ಲಿ ಅಕ್ಕ ಕತ್ತರಿ ಕೆಳಗಿಟ್ಟು ಎಲ್ಲ ಕೇಳಿದಳು. ಬೈಯುತ್ತಾಳೆಂದು ತಲೆ ಬಗ್ಗಿಸಿ ಕೂತಿದ್ದೆ.

"ಅಂದ್ರೆ, ಇಡೀ ವರ್ಷ ನಾನು ಸಾಕಿದ್ದು ಆ ದೊಡ್ಡ ಮನುಷ್ಯನ್ನ!" ಎಂದಳು. "ಇಲ್ಲ್ಯಾಕೆ ಕೂತಿದೀಯ? ನಾಳೆ ಹೋಗಿ ಅವನ ಬಾಗಿಲಲ್ಲೇ ನಿಂತ್ಕೋ."

ಮರುದಿನ ಐವರೂ ಸಂಸ್ಥೆಯ ಗೇಟಿನ ಮುಂದೆ ನಿಂತೆವು. ಒಳಗೆ ಆಗಲೇ ಹೊಸ ತರಬೇತಿಗೆ ಸಂದರ್ಶನ ನಡೆದಿತ್ತು. ಫೈಲನ್ನು ಎದೆಗೊತ್ತಿಕೊಂಡು ಬಂದವನೊಬ್ಬ ಇಲ್ಲಿ ಸಂಬಳವಿಲ್ಲವೆಂಬ ನಮ್ಮ ಮಾತು ಕೇಳಿ, ತಲೆ ತಗ್ಗಿಸಿ ಒಳಗೆ ಹೋದ. ಅವನ ಮೇಲೆ ಸಿಟ್ಟು ಬರಲಿಲ್ಲ. ನಾನಾಗಿದ್ದರೆ ಒಳಗೆ ಓಡಿಯೇ ಹೋಗುತ್ತಿದ್ದೆ. ಅವನ ಹಿಂದೆ ಬಂದ ಹುಡುಗಿ ನಿಂತು ಪೂರ್ತಿ ಕೇಳಿಸಿಕೊಂಡಳು. ಒಳಗಿನಿಂದ ಅವಳ ಹೆಸರು ಕೂಗಿದರು. ಕಾವಲುಗಾರ ಗೇಟು ತೆರೆದು ಹಿಡಿದ.

"ಸ್ವಲ್ಪ ಸರ್ಕೊಳ್ಳಿ" ಎಂದಳು.

ಒಳಗೆ ಹೋಗಲೆಂದು ದಾರಿ ಬಿಟ್ಟೆವು. ಅವಳು ಬಂದು ನಮ್ಮ ನಡುವೆ ನಿಂತಳು.