ಕರಡಿಯ ಮುಖಕ್ಕೆ ಬಿದ್ದ ಕತ್ತರಿ

ವೇಷದ ಕೋಣೆಯ ಅಗುಳಿ ಹಾಕಿಕೊಂಡು, ಆ ಹೊಲಿಗೆಯವಳು ಕರಡಿಯ ಮುಖವನ್ನು ಕತ್ತರಿಸಿಯೇಬಿಟ್ಟಳು. ಹಣೆಯಿಂದ ಗಲ್ಲದವರೆಗೆ ಒಂದೇ ಸುತ್ತು. ಕೈ ಅಳುಕಲಿಲ್ಲ.

ಕರಡಿಯೆಂದರೆ ಶಾಲೆಯ ಮಕ್ಕಳ ನಾಟಕದ ಕರಡಿ. ಹಳೆಯ ಕಂದು ಕಂಬಳಿಗೆ ಹತ್ತಿ ತುಂಬಿ ಆ ದೊಡ್ಡ ತಲೆಯನ್ನು ಹೊಲಿದುಕೊಟ್ಟವಳೂ ಅವಳೇ. ಅದರೊಳಗೆ ಹೊಕ್ಕು ಇಂದು ಸಂಜೆ ವೇದಿಕೆ ಏರಬೇಕಾದವಳು ಅವಳ ಮಗಳು ಬಟಾಣಿ. ಕತ್ತರಿಸಿದ ತುಂಡು ಹಾಳಾಗಬಾರದೆಂದು ಅದನ್ನು ಚೂರು ಚೂರು ಮಾಡಿ, ಸೊರಗಿ ಜೋತಾಡುತ್ತಿದ್ದ ನರಿವೇಷದ ಬಾಲಕ್ಕೆ ತುರುಕಿ ಹೊಲಿದದ್ದೂ ಆಯಿತು. ಈಗ ಮಗಳ ಮುಖ ಎಲ್ಲರಿಗೂ ಕಾಣುತ್ತದೆ. ಅವಳ ತುಟಿ ಅಲ್ಲಾಡುವುದನ್ನು ಮುಖ್ಯೋಪಾಧ್ಯಾಯಿನಿ ಕಣ್ಣಾರೆ ನೋಡಲಿ.

ಬಟಾಣಿ ಬಾಯಿ ಬಿಟ್ಟು ವರ್ಷದ ಮೇಲಾಗಿತ್ತು. ಅವಳ ಅಪ್ಪ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಅಂದು ಅವನಿಗೆ ಊಟದ ಡಬ್ಬಿ ಒಯ್ದಿದ್ದ ಬಟಾಣಿ ಕೆಳಗೆ ನಿಂತು "ಅಪ್ಪಾ!" ಎಂದು ಕೂಗಿದ್ದಳು. ಏಣಿಯ ಮೇಲಿದ್ದವನು ನಗುತ್ತ ತಿರುಗಿದ. ತಿರುಗಿದವನು ಜಾರಿ ಬಿದ್ದ, ಮತ್ತೆ ಏಳಲಿಲ್ಲ. ಆಮೇಲೆ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಅವಳ ಗಂಟಲಿನಿಂದ ಒಂದು ಸೊಲ್ಲೂ ಹೊರಬೀಳಲಿಲ್ಲ. ತಾಯಿ ಮುದ್ದು ಮಾಡಿದಳು, ಗದರಿದಳು, ಕಾಲು ಹಿಡಿದು ಬೇಡಿದಳು. ಮಗು ಅವಳ ಸೆರಗಿಗೆ ಮುಖ ಒರೆಸಿಕೊಂಡು ಸುಮ್ಮನಾಗುತ್ತಿತ್ತು.

ಕೊನೆಗೊಂದು ದಿನ ಮುಖ್ಯೋಪಾಧ್ಯಾಯಿನಿ ಕರೆಸಿ ಹೇಳಿದ್ದರು: "ನೋಡಮ್ಮ, ಇವಳನ್ನ ಇಲ್ಲಿಟ್ಕೊಂಡು ನಾವೇನು ಮಾಡೋಣ? ಇಂಥ ಮಕ್ಕಳಿಗೆ ಅಂತ ದೂರದಲ್ಲಿ ವಸತಿ ಶಾಲೆ ಇದೆ. ಅಲ್ಲಿಗೆ ಕಳಿಸಿ."

"ರಾತ್ರಿ ನನ್ನ ಕೈ ಹಿಡೀದೆ ಇವಳಿಗೆ ನಿದ್ದೆ ಬರಲ್ಲ ಮೇಡಂ."

"ಎಷ್ಟು ವರ್ಷ ಹಿಡ್ಕೋತೀರಿ?"

ಆಗ ನಡುವೆ ಬಾಯಿ ಹಾಕಿದವರು ನಾಟಕದ ಮೇಷ್ಟ್ರು. "ಮೇಡಂ, ಇವಳು ಮಾತಾಡ್ತಾಳೆ. ತಾಲೀಮಿನಲ್ಲಿ, ಕರಡಿ ತಲೆ ಹಾಕ್ಕೊಂಡಾಗ."

"ನನ್ನ ಕಿವಿಗೆ ಬೀಳಲಿ, ನಂಬ್ತೀನಿ. ನಾಟಕದ ದಿನ ಮಾತಾಡಿದ್ರೆ ಇಲ್ಲೇ ಇರ್ತಾಳೆ. ಇಲ್ಲಾಂದ್ರೆ ಹೋಗ್ತಾಳೆ."

ಹೆತ್ತವಳಿಗೇ ಕೇಳಿಸದ ದನಿ ಕಂಬಳಿಯ ತಲೆಗೆ ಕೇಳಿಸಿತೇ? ತಾಲೀಮಿಗೆ ಹೆತ್ತವರನ್ನು ಬಿಡುತ್ತಿರಲಿಲ್ಲ. ಅವಳು ನಂಬಿಯೂ ನಂಬದೆ ದಿನ ದೂಡಿದಳು. ಇಂದು ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಆ ತಲೆಯನ್ನು ತಟ್ಟಿ, "ಮುಖಾನೇ ಕಾಣದ ಈ ಗೂಡಿನೊಳಗೆ ಯಾರು ಮಾತಾಡಿದ್ರೆ ಯಾರಿಗೆ ಗೊತ್ತಾಗುತ್ತೆ?" ಎಂದು ನಕ್ಕು ಹೋಗಿದ್ದರು. ಆ ನಗೆ ಮುಳ್ಳಿನಂತೆ ನಾಟಿತ್ತು. ಅದಕ್ಕೇ ಈ ಕತ್ತರಿ.

ಪ್ರೇಕ್ಷಕರು ಕುರ್ಚಿಗಳನ್ನು ಎಳೆದಾಡುವ ಸದ್ದು ಕೇಳತೊಡಗಿದಾಗ ಅವಳು ಅಗುಳಿ ತೆಗೆದು ಮಗಳನ್ನು ಒಳಗೆ ಕರೆದು, ಹೆಮ್ಮೆಯಿಂದಲೇ ಅವಳ ತಲೆಗೆ ಕರಡಿಯನ್ನು ತೊಡಿಸಿದಳು. ಬಟಾಣಿ ಎದುರಿನ ಕನ್ನಡಿ ನೋಡಿದಳು. ಕರಡಿಯೊಳಗಿಂದ ತನ್ನದೇ ಮುಖ ತನ್ನನ್ನು ದಿಟ್ಟಿಸುತ್ತಿತ್ತು. ಮಗುವಿನ ಮುಖ ಬಿಳಿಚಿಕೊಂಡಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮೂಲೆಗೆ ಸರಿದು, ಬಟ್ಟೆಯ ಗಂಟಿನಂತೆ ಕುಸಿಯಿತು.

ಒಳಬಂದ ಮೇಷ್ಟ್ರು ಬಾಗಿಲಲ್ಲೇ ನಿಂತರು. "ಅಯ್ಯೋ, ಏನು ಮಾಡಿಬಿಟ್ರಿ ತಾಯಿ!"

"ಮುಖ ಕಾಣಲಿ ಅಂತ..."

"ಕಾಣಬಾರದು ಅಂತಲೇ ಆ ತಲೆ! ತಾನು ಕೂಗಿದ್ದಕ್ಕೇ ಅಪ್ಪ ಬಿದ್ದ ಅಂತ ಅವಳ ಮನಸ್ಸಿನಲ್ಲಿದೆ. ತನ್ನ ದನಿ ಅಂದ್ರೆ ಅವಳಿಗೆ ಭಯ. ಕರಡಿ ದನಿ ಅವಳದ್ದಲ್ಲ, ಅದರಿಂದ ಯಾರೂ ಬೀಳಲ್ಲ. ಮೊದಲ ವಾರ ಬರೀ ಗುರ್ ಅಂದಳು, ಆಮೇಲೆ ಒಂದು ಪದ, ಆಮೇಲೆ ಒಂದು ವಾಕ್ಯ. ಕತ್ತರಿಸಿದ ತುಂಡೆಲ್ಲಿ?"

"ನರಿಯ ಬಾಲದಲ್ಲಿ."

ನರಿ ಆಗಲೇ ವೇದಿಕೆಯಲ್ಲಿತ್ತು. ಹಿಂದೆಂದೂ ಇಲ್ಲದಷ್ಟು ದಪ್ಪ ಬಾಲ ಬೀಸುತ್ತ ಸಭಿಕರನ್ನು ನಗಿಸುತ್ತಿತ್ತು.

ತಾಯಿ ಹೆಗಲ ಮೇಲಿನ ಕಪ್ಪು ಶಾಲನ್ನು ಕಿತ್ತು, ಕರಡಿಯ ಮುಖಕ್ಕೆ ತೇಪೆ ಹಾಕಲು ಅದಕ್ಕೇ ಕತ್ತರಿಯಿಟ್ಟಳು. ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣೀರು ಅಡ್ಡ ಬಂತು. ಸಾವಿರಾರು ಅಂಗಿಗಳಿಗೆ ದಾರ ಓಡಿಸಿದ ಬೆರಳು ಒಂದು ಸೂಜಿಯ ಕಣ್ಣಿಗಾಗಿ ತಡಕಾಡಿತು. ಕೊನೆಗೂ ಪೋಣಿಸಿದಳು. ಬಲಗಿವಿಯಿಂದ ಹಣೆಗೆ, ಹಣೆಯಿಂದ ಎಡಗಿವಿಗೆ. ಗಲ್ಲದ ಕಡೆ ಇನ್ನೂ ಬಾಯ್ದೆರೆದೇ ಇತ್ತು. ಅಷ್ಟರಲ್ಲಿ ನರಿಯ ವೇಷದ ಹುಡುಗಿ ಪರದೆಯಿಂದ ಇಣುಕಿ ಪಿಸುಗುಟ್ಟಿದಳು.

"ಆಂಟಿ, ಕರಡಿ ಎಲ್ಲಿ? ನಾನು ಗುಹೆ ಬಾಗಿಲು ತಟ್ಟಿ ತಟ್ಟಿ ಕೈ ಊದ್ಕೊಂಡಿದೆ!"

ಇನ್ನು ಹೊಲಿಯಲು ಹೊತ್ತಿರಲಿಲ್ಲ. ಅವಳು ಹಾಗೆಯೇ ತಲೆ ತೊಡಿಸಿ, ಬಟಾಣಿಯ ಬೆನ್ನಿಗೆ ಬಗ್ಗಿ, ಕರಡಿಯ ಉದ್ದನೆಯ ನಿಲುವಂಗಿಯೊಳಗೆ ತಾನೂ ತೂರಿಕೊಂಡಳು. ಸಡಿಲವಾದ ಅಂಚನ್ನು ಹಿಂದಿನಿಂದ ಎರಡೂ ಮುಷ್ಟಿಯಲ್ಲಿ ಬಿಗಿಹಿಡಿದಳು. ಹಾಗೆಯೇ ತಾಯಿ ಮಗಳು ತೆವಳುತ್ತ ಬೆಳಕಿಗೆ ಬಂದರು.

ನರಿ ಮತ್ತೆ ತಟ್ಟಿತು. ಕರಡಿ ಸುಮ್ಮನಿತ್ತು. ತಾಯಿಯ ಎದೆಗೆ ಒತ್ತಿದ್ದ ಪುಟ್ಟ ಬೆನ್ನು ಗಡಗಡ ನಡುಗುತ್ತಿತ್ತು. ಕರಡಿ ಹೇಳಬೇಕಾದ ಸಾಲು, ಮಗಳ ಚೀಟಿಯಲ್ಲಿ ಓದಿ ಓದಿ, ತಾಯಿಗೂ ಬಾಯಿಪಾಠವಿತ್ತು. ತಾನೇ ಹೇಳಿಬಿಡಲೇ? ನಾಲಿಗೆಯ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದಳು.

ಆಗ ಆ ಬೆನ್ನು ಉಸಿರು ತುಂಬಿ ಉಬ್ಬಿತು.

"ಯಾರದು, ನನ್ನ ನಿದ್ದೆ ಕೆಡಿಸೋದು?"

ಒಡಕು, ಗೊಗ್ಗರು ದನಿ. ತುಕ್ಕು ಹಿಡಿದ ಬಾಗಿಲು ತೆರೆದಂತೆ. ಚಪ್ಪಾಳೆಯ ನಡುವೆ ನಿಲುವಂಗಿಯ ಕತ್ತಲಲ್ಲಿ ತಾಯಿ ಶಬ್ದವಿಲ್ಲದೆ ಅತ್ತಳು.

ಪರದೆ ಬಿದ್ದೊಡನೆ ಮುಖ್ಯೋಪಾಧ್ಯಾಯಿನಿ ವೇದಿಕೆಗೇ ಬಂದರು. "ಕರಡಿಗೆ ನಾಲ್ಕು ಕಾಲಿದ್ದದ್ದು ನೋಡಿದೆ. ಸರಿ. ಬಾಯಿ ಯಾರದು?"

"ಅವಳದ್ದೇ ಮೇಡಂ! ನನ್ನಾಣೆ, ನಾನು ತುಟಿ ಬಿಚ್ಚಲಿಲ್ಲ!"

"ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ನಾನೂ ತಾಯಿಯೇ. ಆದ್ರೆ ಹಿಂದೆ ಅವಿತು ಕೂತೋರ ಮಾತನ್ನ ಹೇಗೆ ನಂಬಲಿ?"

ಮುಖ ಕಾಣದಿದ್ದರೆ ನಂಬಲಾರರೆಂದು ಕತ್ತರಿಸಿದಳು. ಕತ್ತರಿಸಿದ್ದಕ್ಕೇ ಅಡಗಬೇಕಾಯಿತು. ಅಡಗಿದ್ದಕ್ಕೇ ನಂಬುತ್ತಿಲ್ಲ. ಅವಳು ಎದ್ದು ಗೋಡೆಯವರೆಗೆ ಹಿಂದೆ ಸರಿದು, ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಈಗ ಕೇಳಿ ಮೇಡಂ. ಏನಾದ್ರೂ ಕೇಳಿ."

ಮುಖ್ಯೋಪಾಧ್ಯಾಯಿನಿ ಬಗ್ಗಿದರು. "ಕರಡೀ, ನಿನ್ನ ಹೆಸರೇನು?"

ಕರಡಿ ಮಾತಾಡಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಹೊರಗೆ ಯಾರೋ ಕುರ್ಚಿ ಮಡಚುತ್ತಿದ್ದರು. ಮುಖ್ಯೋಪಾಧ್ಯಾಯಿನಿ ನಿಟ್ಟುಸಿರಿಟ್ಟು ನೆಟ್ಟಗಾದರು. ಎಲ್ಲ ಮುಗಿಯಿತೆಂದುಕೊಂಡ ತಾಯಿ ಓಡಿಬಂದು, ಮಗುವಿಗೆ ಉಸಿರಾದರೂ ಆಡಲೆಂದು, ಕರಡಿಯ ತಲೆಗೆ ಕೈ ಹಾಕಿದಳು.

"ತೆಗೀಬೇಡ."

ಅದೇ ಗೊಗ್ಗರು ದನಿ. ತಾಯಿಯ ಕೈ ಅಲ್ಲೇ ನಿಂತಿತು.

"ತಲೆ ತೆಗೀಬೇಡ. ಸೂಜಿ ತೆಗಿ. ಗಲ್ಲಕ್ಕೆ ಚುಚ್ಚುತ್ತೆ."

ಮುಖ್ಯೋಪಾಧ್ಯಾಯಿನಿ ಮೇಷ್ಟ್ರ ಕಡೆ ತಿರುಗಿದರು. "ಈ ತಲೆ ಎಷ್ಟು ದಿನ ಬೇಕಾಗುತ್ತೆ?"

"ಗೊತ್ತಿಲ್ಲ ಮೇಡಂ. ಅವಳೇ ತೆಗೆಯೋವರೆಗೆ."

"ತರಗತಿಗೆ ತಲೆ ಸಮೇತ ಬರಲಿ."

ತಾಯಿಗೆ ಆ ಮಾತು ಕೇಳಿಸಿತೋ ಇಲ್ಲವೋ. ಅವಳು ಮಂಡಿಯೂರಿ ಕಪ್ಪು ಶಾಲಿನ ಅಂಚಿನಲ್ಲಿ ತಾನೇ ಮರೆತ ಸೂಜಿಯನ್ನು ಹುಡುಕುತ್ತಿದ್ದಳು.

"ಅಲ್ಲಲ್ಲ," ಎಂದಿತು ಕರಡಿ. "ಇನ್ನೂ ಕೆಳಗೆ, ಅಮ್ಮ."