ಮಣಿಕಟ್ಟಿಗೊಂದು ಭಾರ

ಹೆಂಡತಿಯ ಮುರಿದ ಮಣಿಕಟ್ಟು ಕೂಡಿಕೊಂಡಿತ್ತು. ಹಿಡಿತ ಮಾತ್ರ ಮರಳಿರಲಿಲ್ಲ. ಭಾರ ಕಟ್ಟಿಕೊಂಡು ಕೈ ಆಡಿಸಬೇಕೆಂದು ವೈದ್ಯರು ಹೇಳಿದ್ದರು. ಆದರೆ ಅವಳು ಹೊಲಿಗೆ ಯಂತ್ರದ ಮುಂದೆ ಕೂತರೆ ಕಬ್ಬಿಣದ ದಪ್ಪ ತುಂಡು ಬಟ್ಟೆಗೆ ಸಿಕ್ಕಿಕೊಳ್ಳುತ್ತಿತ್ತು. ಗಾತ್ರದಲ್ಲಿ ಚಿಕ್ಕದಾಗಿ, ತೂಕದಲ್ಲಿ ಹಿರಿದಾದ ಲೋಹಕ್ಕಾಗಿ ಲೇತ್ ಕೆಲಸದ ಗಂಡ ಗುಜರಿ ಅಂಗಡಿಗಳನ್ನು ಜಾಲಾಡಿದ. ಸೀಸ ಮೈಗೆ ಒಳ್ಳೆಯದಲ್ಲ. ಅದಕ್ಕಿಂತಲೂ ಭಾರದ ಟಂಗ್‌ಸ್ಟನ್ ಲೋಹ ಸಿಕ್ಕರೆ ಅದೃಷ್ಟ.

ಆ ಬೆಳಿಗ್ಗೆ ತಂಬಿಗೆ ಗಾತ್ರದ ಉರುಟು ಲೋಹವೊಂದನ್ನು ಏದುಸಿರು ಬಿಡುತ್ತ ಮನೆಗಂಟಿದ ತನ್ನ ವರ್ಕ್‌ಶಾಪಿಗೆ ತಂದ.

"ಇಷ್ಟೇ ಇಷ್ಟು ಕಣೇ, ನನ್ನ ಸೊಂಟಾನೇ ಹಿಡ್ಕೊಳ್ತು!"

ತೂಗಿ, ನೀರಿಗಿಳಿಸಿ, ಚೆಲ್ಲಿದ ನೀರನ್ನು ಅಳೆದು ಲೋಹ ಯಾವುದೆಂದು ತಿಳಿಯುವುದು ಅವನ ಪದ್ಧತಿ. ಬಣ್ಣ ಉಳಿದರೆ ಲೆಕ್ಕ ತಪ್ಪೀತೆಂದು ಮೊದಲೇ ಅದರ ಮೈಯನ್ನೆಲ್ಲ ಕೆರೆದು ಬೆಳಗಿದ. ತೂಕಕ್ಕೆ ಹೋಲಿಸಿದರೆ ಚೆಲ್ಲಿದ ನೀರು ಅತ್ಯಲ್ಪ. ಸೀಸಕ್ಕಿಂತಲೂ ಸಾಂದ್ರ! ಹಿಗ್ಗಿ ಅದನ್ನು ಯಂತ್ರದ ಗರಗಸಕ್ಕೆ ಬಿಗಿದ.

ಕೆರೆದ ಬಣ್ಣವನ್ನು ಗುಡಿಸುತ್ತಿದ್ದ ಹೆಂಡತಿಯ ಪೊರಕೆ ನಿಂತಿತು. ಹಳದಿ ಚಕ್ಕೆಗಳು, ಅವುಗಳ ಮೇಲೆ ಕಪ್ಪು ಎಸಳಿನ ಅಂಚು. ಎರಡನ್ನು ಜೋಡಿಸಿದವಳೇ ಕೂಗಿದಳು. ಗರಗಸದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು.

"ತಲೆಗಿಲೆ ಕೆಟ್ಟಿದ್ಯಾ? ಬ್ಲೇಡು ಮುರಿದಿದ್ರೆ?"

"ರೀ, ಎಕ್ಸ್‌ರೇ ಕೋಣೆ ಬಾಗಿಲ ಮೇಲೆ ವಿಕಿರಣ, ಅಪಾಯ ಅಂತ ಇದೇ ಗುರುತಿತ್ತು. ಕೈ ನೋವಲ್ಲಿ ಅದನ್ನೇ ನೋಡ್ತಾ ಕೂತಿದ್ದೆ."

"ಹಳೇ ಬಣ್ಣ ಅಷ್ಟೇ. ಎಷ್ಟು ಕೊಯ್ದಿದೆ ನೋಡ್ತೀನಿ ತಾಳು."

ಅವನು ಸೀಳಿನತ್ತ ಬಗ್ಗಿದ. ಅವಳು ಕಾಲರ್ ಹಿಡಿದೆಳೆದಳು. ಹಿಡಿತ ಜಾರಿ ಮಣಿಕಟ್ಟು ತಿರುಚಿಕೊಂಡಿತು. ಅವಳ ಚೀತ್ಕಾರಕ್ಕೆ ಅವನು ಸರಕ್ಕನೆ ತಿರುಗಿದ. ಅವಳ ಮುಖ ನೋಡಿ ಗರಗಸದಿಂದ ದೂರ ಸರಿದ.

ಬಾಗಿಲು ಎಳೆದುಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದರು. ಅವಳ ಕೈ ಊದುತ್ತಿತ್ತು. ಆದರೂ ಅವನು ಮುಟ್ಟಲಿಲ್ಲ. ಲೋಹ ಮುಟ್ಟಿದ ತನ್ನ ಎರಡೂ ಅಂಗೈಗಳನ್ನು ಮೈಯಿಂದ ದೂರ ಚಾಚಿ ನಿಂತಿದ್ದ.

ಪೊಲೀಸರು ಕರೆಸಿದ, ಮೈತುಂಬ ಕವಚ ತೊಟ್ಟ ವಿಕಿರಣ ಸುರಕ್ಷತಾ ಅಧಿಕಾರಿ ಒಳಹೋಗಿ ಬಹಳ ಹೊತ್ತಿನ ಮೇಲೆ ಹೊರಬಂದ.

"ನೀವು ಹುಡುಕ್ತಿದ್ದೆ ಅಂದ್ರಲ್ಲ, ಆ ಟಂಗ್‌ಸ್ಟನ್ನೇ ಅದು. ಒಳಗಿರೋ ವಿಕಿರಣ ಹೊರಗೆ ಬರದ ಹಾಗೆ ತಡೆಯೋ ಗೋಡೆ. ಬ್ಲೇಡು ಒಳಗಿನ ತನಕ ಹೋಗಿಲ್ಲ."

ವಿಕಿರಣ ಅಳೆಯುವ ಮೀಟರನ್ನು ಗಂಡನ ಬೆರಳುಗಳ ಮೇಲೆ ನಿಧಾನವಾಗಿ ಆಡಿಸಿದ. ಮುಳ್ಳು ಮಿಸುಕಲಿಲ್ಲ.

"ಕೈ ಇಳಿಸಿ ಸ್ವಾಮಿ."

"ಮೊದ್ಲು ಅವಳನ್ನ ನೋಡಿ."

ಅವಳ ಮೇಲೂ ಮುಳ್ಳು ಅಲ್ಲಾಡಲಿಲ್ಲ. ಆಗ ಅವನು ಕೈ ಇಳಿಸಿ ಅಲ್ಲೇ ಕುಕ್ಕರಿಸಿದ. ಅವಳು ಚೆನ್ನಾಗಿದ್ದ ಕೈಯಿಂದ ಅವನ ತೋಳು ಹಿಡಿದು ನಿಲ್ಲಿಸಿದಳು.

"ಇನ್ನು ನಂಗೆ ಭಾರ ಹುಡುಕ್ಬೇಡಿ," ಎಂದಳು. "ನಿಮ್ಮನ್ನ ಎತ್ತಿ ನಿಲ್ಸೋದೇ ಸಾಕು."